ಸರದಿ ಬದಲಿಸಿದರೆ ಸಮಯ ಹುಟ್ಟುತ್ತದೆ!

ಬೆಳಿಗ್ಗೆ ಒಂಬತ್ತೂವರೆ. ಬೆಂಗಳೂರಿನ ಗೊರಗುಂಟೆಪಾಳ್ಯ ಮೆಟ್ರೊ ನಿಲ್ದಾಣದ ಮೆಟ್ಟಿಲ ಮೇಲೆ ನಿಂತು ಕೆಳಗೆ ನೋಡುತ್ತಿದ್ದೇನೆ. ಯಶವಂತಪುರದ ಕಡೆಯಿಂದ ಬರುವ ತುಮಕೂರು ರಸ್ತೆಗೆ ಹೆಬ್ಬಾಳ, ಬಿಇಎಲ್ ಕಡೆಯ ರಿಂಗ್ ರೋಡ್ ಬಂದು ಢಿಕ್ಕಿ ಹೊಡೆಯುವ ಜಾಗ ಇದು. ಹಾಸನದ ಬಸ್ಸು, ಹುಬ್ಬಳ್ಳಿಯ ಲಾರಿ, ಪೀಣ್ಯಕ್ಕೆ ಕಬ್ಬಿಣದ ಸರಳು ಹೊತ್ತ ಟೆಂಪೊ, ಅದರ ಬಾಲಕ್ಕಂಟಿದ ಆಟೊ, ಸಂದಿಯಲ್ಲಿ ತೂರುವ ಸ್ಕೂಟರು. ಎಲ್ಲರಿಗೂ ಬೇಕಿರುವುದು ಅದೇ ಹತ್ತು ಮಾರು ಡಾಂಬರು, ಅದೂ ಈಗಲೇ!

ಇಷ್ಟು ವರ್ಷ ಈ ಜಂಕ್ಷನ್ನನ್ನು ಬೈದುಕೊಂಡೇ ದಾಟಿದವನು ನಾನು. ಆದರೆ ಈಚೆಗೆ ಒಂದು ವಿಚಿತ್ರ ಗಣಿತದ ಬೆನ್ನು ಹತ್ತಿದ ಮೇಲೆ ಬೈಗುಳ ಬಾಯಲ್ಲೇ ನಿಂತಿದೆ. ಮೊದಲು ಯಾರು, ಆಮೇಲೆ ಯಾರು? ಕೇಳುವುದು ಇಷ್ಟೇ. ಈ ಪ್ರಶ್ನೆಯ ಬಾಲ ಹಿಡಿದು ಹೊರಟರೆ ಜಗತ್ತಿನ ಅತಿ ಕಠಿಣ ಲೆಕ್ಕಗಳ ಗುಹೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇವೆ! ಇಂಗ್ಲಿಷಿನವರು ಇದಕ್ಕೆ ಆಪ್ಟಿಮೈಸೇಷನ್ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ನಮ್ಮ ಅಮ್ಮಂದಿರು ಹೆಸರಿಡದೆಯೇ ಮಾಡಿಕೊಂಡು ಬಂದಿದ್ದಾರೆ. ಒಂದು ಒಲೆಯಲ್ಲಿ ಅನ್ನಕ್ಕಿಟ್ಟು, ಇನ್ನೊಂದರಲ್ಲಿ ಬೇಳೆ ಕೂಗುವಷ್ಟರಲ್ಲಿ ಹುರುಳಿಕಾಯಿ ಹೆಚ್ಚಿ ಮುಗಿಸುತ್ತಾರೆ. ತರಕಾರಿ ಹೆಚ್ಚಿದ ಮೇಲೆಯೇ ಅಕ್ಕಿ ತೊಳೆಯುತ್ತೇನೆಂದು ಕೂತರೆ ಊಟ ಮಧ್ಯಾಹ್ನ ಮೂರಕ್ಕೆ!

ಜಂಕ್ಷನ್ ದಾಟಿ ಪೀಣ್ಯಕ್ಕೆ ಬನ್ನಿ. ಸಾವಿರಾರು ಸಣ್ಣ ಕಾರ್ಖಾನೆಗಳ ಊರು ಅದು. ಅಲ್ಲೊಂದು ಶೆಡ್ ಇದೆ ಎಂದುಕೊಳ್ಳೋಣ. ಒಂದು ಲೇತ್, ಒಂದು ಗ್ರೈಂಡಿಂಗ್ ಮಷಿನ್. ನಾಲ್ಕು ಜಾಬ್ ಬಂದಿವೆ. ಪ್ರತಿಯೊಂದೂ ಮೊದಲು ಲೇತ್‌ಗೆ, ಆಮೇಲೆ ಗ್ರೈಂಡಿಂಗ್‌ಗೆ ಹೋಗಬೇಕು. ಶಾಫ್ಟ್‌ಗೆ ಲೇತ್‌ನಲ್ಲಿ 7 ಗಂಟೆ, ಗ್ರೈಂಡಿಂಗ್‌ನಲ್ಲಿ 2. ಪಿನ್‌ಗೆ 5 ಮತ್ತು 3. ಗೇರ್‌ಗೆ 4 ಮತ್ತು 6. ಬುಷ್‌ಗೆ 1 ಮತ್ತು 5. ದೊಡ್ಡ ಕೆಲಸ ಮೊದಲು ಮುಗಿಸಿಬಿಡೋಣ ಎಂದು ಇದೇ ಸರದಿಯಲ್ಲಿ ಶಾಫ್ಟ್‌ನಿಂದ ಶುರು ಮಾಡಿದರೆ ಕೊನೆಯ ಬುಷ್ ಹೊರಬೀಳುವುದು 27ನೇ ಗಂಟೆಗೆ.

ಈಗ ಸರದಿಯನ್ನು ತಿರುವಿಹಾಕಿ. ಬುಷ್, ಗೇರ್, ಪಿನ್, ಶಾಫ್ಟ್. ಲೆಕ್ಕ ಹಾಕಿ ನೋಡಿ, 19 ಗಂಟೆ! ಹೊಸ ಮಷಿನ್ ಬಂದಿಲ್ಲ, ಹೆಚ್ಚುವರಿ ಆಳಿಲ್ಲ, ಯಾರೂ ಬೆವರು ಜಾಸ್ತಿ ಸುರಿಸಿಲ್ಲ. ಆದರೂ ಎಂಟು ಗಂಟೆ, ಅಂದರೆ ಒಂದಿಡೀ ಶಿಫ್ಟ್, ಗಾಳಿಯಿಂದ ಉದುರಿದಂತೆ ಕೈಗೆ ಬಂತು!

ಹೇಗೆ? ಅಮೆರಿಕದ ಗಣಿತಜ್ಞ ಸೆಲ್ಮರ್ ಜಾನ್ಸನ್ 1954ರಲ್ಲಿ ಕೊಟ್ಟ ನಿಯಮ ಎರಡೇ ಸಾಲಿನದು. ಉಳಿದ ಅಂಕಿಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ. ಅದು ಮೊದಲ ಮಷಿನ್‌ನದಾದರೆ ಆ ಜಾಬ್ ಸಾಲಿನಲ್ಲಿ ಖಾಲಿ ಉಳಿದ ಮೊದಲ ಜಾಗಕ್ಕೆ, ಎರಡನೇ ಮಷಿನ್‌ನದಾದರೆ ಖಾಲಿ ಉಳಿದ ಕೊನೆಯ ಜಾಗಕ್ಕೆ. ಮುಗಿಯುವವರೆಗೂ ಇದನ್ನೇ ಮಾಡಿ. ಇದಕ್ಕಿಂತ ಬೇಗ ಮುಗಿಸುವ ಸರದಿ ಇರಲು ಸಾಧ್ಯವೇ ಇಲ್ಲ ಎಂದು ಜಾನ್ಸನ್ ಸಾಧಿಸಿ ತೋರಿಸಿದರು.

ಗೆದ್ದೆವು ಎನ್ನುವಷ್ಟರಲ್ಲಿ ನೆಲ ಕುಸಿಯುತ್ತದೆ. ಗ್ರೈಂಡಿಂಗ್ ಆದ ಮೇಲೆ ಪ್ಲೇಟಿಂಗ್ ಕೂಡ ಇದೆ ಎನ್ನಿ. ಒಂದೇ ಒಂದು ಮೆಟ್ಟಿಲು ಹೆಚ್ಚಾಯಿತು, ಆ ಚಂದದ ನಿಯಮ ಕೈಚೆಲ್ಲಿತು! ಮೂರು ಮಷಿನ್‌ಗಳ ಸರದಿಗೆ ಎಲ್ಲ ಸಂದರ್ಭಕ್ಕೂ ಒಗ್ಗುವ ಚುರುಕು ವಿಧಾನ ಇಂದಿಗೂ ಯಾರ ಬಳಿಯೂ ಇಲ್ಲ. ಹತ್ತು ಜಾಬ್, ಹತ್ತು ಮಷಿನ್, ಪ್ರತಿ ಜಾಬ್‌ಗೂ ಅದರದೇ ದಾರಿ ಎಂಬ ಒಂದು ಪುಟ್ಟ ಲೆಕ್ಕವನ್ನು ಫಿಷರ್ ಮತ್ತು ಥಾಂಪ್ಸನ್ ಎಂಬ ಸಂಶೋಧಕರು 1963ರಲ್ಲಿ ಪ್ರಕಟಿಸಿದರು. ಒಟ್ಟು ನೂರೇ ಹಂತಗಳ ಒಂದು ಕೋಷ್ಟಕ. ಆದರೆ ಹತ್ತೂ ಮಷಿನ್‌ಗಳ ಸರದಿಯನ್ನು ಬರೆದುಕೊಳ್ಳುವ ಬಗೆಗಳ ಸಂಖ್ಯೆಯೇ 66 ಅಂಕಿಗಳಷ್ಟು ಉದ್ದ! ಅದರ ಎಲ್ಲ ಜಾಬ್ ಮುಗಿಸಲು ಬೇಕಾದ ಅತಿ ಕಡಿಮೆ ಸಮಯ 930 ಘಟಕ ಎಂದು ಫ್ರಾನ್ಸಿನ ಕಾರ್ಲಿಯೆ ಮತ್ತು ಪಿನ್ಸನ್ ಸಾಧಿಸಿದ್ದು 1989ರಲ್ಲಿ. ಇಪ್ಪತ್ತಾರು ವರ್ಷ! ಅಷ್ಟರಲ್ಲಿ ಮನುಷ್ಯ ಚಂದ್ರನ ಮೇಲೆ ನಡೆದಾಡಿ ಬಂದು ಎಷ್ಟೋ ಕಾಲವಾಗಿತ್ತು.

ಹಾಗಾದರೆ ಪೀಣ್ಯದ ಮೇಸ್ತ್ರಿ ನಾಳೆಯ ಡಿಸ್ಪ್ಯಾಚ್‌ಗೆ ಏನು ಮಾಡಬೇಕು? ಉತ್ತರ ಅವನ ಪಕ್ಕದ ಹೀಟ್ ಟ್ರೀಟ್‌ಮೆಂಟ್ ಶೆಡ್‌ನಲ್ಲೇ ಕೆಂಪಗೆ ಕಾದು ಕೂತಿದೆ! ಉಕ್ಕನ್ನು ಕಾಯಿಸಿ ಮೆಲ್ಲಗೆ ಆರಿಸುವುದಕ್ಕೆ ಅನೀಲಿಂಗ್ ಎನ್ನುತ್ತಾರೆ. ಕಾದಾಗ ಕಣಗಳು ಕುಣಿದಾಡುತ್ತವೆ, ನಿಧಾನಕ್ಕೆ ಆರುತ್ತ ತಮಗೆ ನೆಮ್ಮದಿಯಾದ ಜಾಗ ಹುಡುಕಿ ಕೂರುತ್ತವೆ. 1983ರಲ್ಲಿ ಐಬಿಎಂನ ಕಿರ್ಕ್‌ಪ್ಯಾಟ್ರಿಕ್, ಜೆಲಾಟ್ ಮತ್ತು ವೆಕ್ಕಿ ಇದೇ ಉಪಾಯವನ್ನು ಲೆಕ್ಕಕ್ಕೆ ಹೊಂದಿಸಿದರು. ಮಂಜು ಮುಸುಕಿದ ಶಿವಗಂಗೆ ಬೆಟ್ಟವನ್ನು ನೆನೆಯಿರಿ, ಎತ್ತರ ಹೆಚ್ಚಿದಷ್ಟೂ ಸರದಿ ಒಳ್ಳೆಯದು ಎನ್ನಿ. ಮೇಲಕ್ಕೆ ಮಾತ್ರ ಕಾಲಿಡುತ್ತೇನೆಂದು ಹಟ ಹಿಡಿದವನು ಯಾವುದೋ ಗುಂಡಿನ ನೆತ್ತಿಗೇರಿ ಅದನ್ನೇ ಶಿಖರ ಎಂದುಕೊಳ್ಳುತ್ತಾನೆ. ಈ ವಿಧಾನವಾದರೋ ಶುರುವಿನಲ್ಲಿ ಬಿಸಿ ಇರುವಾಗ ಆಗೀಗ ಕೆಟ್ಟ ಸರದಿಯನ್ನೂ ಒಪ್ಪಿಕೊಂಡು ಕೆಳಗಿಳಿಯುತ್ತದೆ. ಟಗರು ಹಿಂದೆ ಸರಿಯುವುದು ಗುದ್ದುವುದಕ್ಕೆ ತಾನೆ! ಆರುತ್ತ ಹೋದಂತೆ ಹಟ ಹೆಚ್ಚುತ್ತದೆ, ಕೊನೆಗೆ ಒಂದು ಎತ್ತರದಲ್ಲಿ ನೆಲೆ ನಿಲ್ಲುತ್ತದೆ. ಅದೇ ತುತ್ತತುದಿ ಎಂಬ ಖಾತ್ರಿ ಇಲ್ಲ. ಆದರೆ ಬೆಳಗಾಗುವಷ್ಟರಲ್ಲಿ ಕೈಗೊಂದು ಒಳ್ಳೆಯ ಸರದಿ ಸಿಕ್ಕಿರುತ್ತದೆ.

ಈಗ ಮರಳಿ ಜಂಕ್ಷನ್‌ಗೆ. ಇಲ್ಲಿ ಡಾಂಬರೇ ಮಷಿನ್, ಬಸ್ಸು ಲಾರಿಗಳೇ ಜಾಬ್! ಬ್ರಿಟನ್ನಿನ ರಸ್ತೆ ಸಂಶೋಧನಾಲಯದ ವೆಬ್‌ಸ್ಟರ್ 1958ರಲ್ಲಿ ಸಿಗ್ನಲ್‌ಗೊಂದು ಸೂತ್ರ ಕೊಟ್ಟರು. ಎಲ್ಲ ದಿಕ್ಕಿಗೂ ಹಸಿರು ಒಂದು ಸುತ್ತು ಬರಲು ಎಷ್ಟು ಸೆಕೆಂಡ್ ಇಡಬೇಕು? ದೀಪ ಬದಲಾಗುವಾಗ ವ್ಯರ್ಥವಾಗುವ ಹೊತ್ತು ಒಟ್ಟು 12 ಸೆಕೆಂಡ್ ಎಂದಿಟ್ಟುಕೊಳ್ಳಿ. ಜಂಕ್ಷನ್‌ನ ಸಾಮರ್ಥ್ಯದಲ್ಲಿ ಅರ್ಧದಷ್ಟು ವಾಹನ ಬಂದರೆ ಸುತ್ತು 46 ಸೆಕೆಂಡ್. ಮುಕ್ಕಾಲು ಭಾಗ ಬಂದರೆ 92. ನೂರಕ್ಕೆ 90 ಬಂದರೆ 230. 95ಕ್ಕೆ ಏರಿತೋ, 460! ಹೆಚ್ಚಿದ್ದು ಐದೇ, ಸುತ್ತು ದುಪ್ಪಟ್ಟು! ನೂರು ಮುಟ್ಟಿದರೆ ಸೂತ್ರದ ಉತ್ತರ ಅನಂತ.

ಗೊರಗುಂಟೆಪಾಳ್ಯ ಈ ಪಾಠವನ್ನು ಮೈಮೇಲೆ ಅನುಭವಿಸಿದೆ. 2021ರ ಡಿಸೆಂಬರ್ 25ರಂದು ತುಮಕೂರು ರಸ್ತೆಯ ಮೇಲ್ಸೇತುವೆ ಮುಚ್ಚಿತು. 102 ಮತ್ತು 103ನೇ ಕಂಬಗಳ ನಡುವೆ ಕೇಬಲ್‌ಗಳಲ್ಲಿ ದೋಷ ಕಂಡಿತ್ತು. ಮೇಲೆ ಹೋಗುತ್ತಿದ್ದದ್ದೆಲ್ಲ ಕೆಳಗಿಳಿಯಿತು. 2022ರ ಫೆಬ್ರುವರಿಯಲ್ಲಿ ಹಗುರ ವಾಹನಗಳಿಗೆ ದಾರಿ ತೆರೆಯಿತು. ಭಾರಿ ವಾಹನಗಳು ಮತ್ತೆ ಮೇಲೇರಿದ್ದು 2024ರಲ್ಲಿ.

ಸೂತ್ರಕ್ಕೆ ಕಣ್ಣಿಲ್ಲ, ಎದುರಿಗಿರುವ ಸಾಲು ಅದಕ್ಕೆ ಕಾಣದು. ಕಣ್ಣಿರುವ ಸಿಗ್ನಲ್ ಸಾಧ್ಯವೇ? ಈ ಜಂಕ್ಷನ್‌ನಿಂದ ಕೆಲವೇ ಕಿಲೊಮೀಟರ್ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಲ್.ಎ. ಪ್ರಶಾಂತ್ ಮತ್ತು ಶಲಭ್ ಭಟ್ನಾಗರ್ ಇದರ ಹಿಂದೆ ಬಿದ್ದರು. ಅವರ ಪ್ರಬಂಧ 2011ರಲ್ಲಿ ಬಂತು. ಮಗು ಬಿದ್ದೆದ್ದು ನಡೆ ಕಲಿಯುವಂತೆ ಸಿಗ್ನಲ್ ತಾನೇ ಕಲಿಯಬೇಕು. ಆದರೆ ಪ್ರತಿ ರಸ್ತೆಯ ಸಾಲಿನ ಉದ್ದವನ್ನು ಒಂದೊಂದು ವಾಹನ ಬಿಡದೆ ಲೆಕ್ಕವಿಟ್ಟರೆ ಕಂಪ್ಯೂಟರಿನ ನೆನಪೇ ಸಾಲದು. ಅವರ ಉಪಾಯ ಕೇಳಿ ನಾನು ನಕ್ಕುಬಿಟ್ಟೆ. ಸಾಲು ಕಡಿಮೆಯೋ, ಸಾಧಾರಣವೋ, ಜಾಸ್ತಿಯೋ? ಕೆಂಪು ಬಿದ್ದು ತುಂಬಾ ಹೊತ್ತಾಯಿತೋ ಇಲ್ಲವೋ? ಇಷ್ಟು ತಿಳಿದರೆ ಸಾಕು! ಕೊಡೆ ಹಿಡಿದು ನಡುರಸ್ತೆಯಲ್ಲಿ ನಿಂತ ನಮ್ಮ ಸಂಚಾರ ಪೊಲೀಸಪ್ಪ ನೋಡುವುದೂ ಅದನ್ನೇ ಅಲ್ಲವೇ? 2024ರಿಂದ ಬೆಂಗಳೂರಿನ ಜಂಕ್ಷನ್‌ಗಳಿಗೆ, ಸಾಲು ನೋಡಿ ಹಸಿರು ಹಂಚುವ ಕ್ಯಾಮೆರಾ ಸಿಗ್ನಲ್‌ಗಳೂ ಬಂದಿವೆ.

ಪೀಣ್ಯದ ಶೆಡ್ ಮಾಲೀಕರಿಗೆ ನನ್ನ ವಿನಂತಿ ಇಷ್ಟು. ಹೊಸ ಮಷಿನ್‌ಗೆ ಬ್ಯಾಂಕ್ ಸಾಲ ಕೇಳುವ ಮುನ್ನ ಒಂದು ವಾರ ಜಾಬ್‌ಗಳ ಗಂಟೆಗಳನ್ನು ಗೋಡೆಯ ಮೇಲೆ ಬರೆದು ಸರದಿ ತಿರುವಿ ನೋಡಿ. ಖರ್ಚು ಒಂದು ತುಂಡು ಸೀಮೆಸುಣ್ಣ. ಜಂಕ್ಷನ್‌ನಲ್ಲಿ ನನ್ನೊಡನೆ ಹಾರನ್ ಹೊಡೆಯುವವರಿಗೂ ಒಂದು ಮಾತು. ವೆಬ್‌ಸ್ಟರ್ ಸೂತ್ರದಲ್ಲಿ 95ನ್ನು 90ಕ್ಕೆ ಇಳಿಸಲು ಪ್ರತಿ ಹತ್ತೊಂಬತ್ತು ವಾಹನಗಳಲ್ಲಿ ಒಂದು ಮನೆಯಲ್ಲೇ ನಿಂತರೆ ಸಾಕು, ಸಿಗ್ನಲ್ ಸುತ್ತು ಅರ್ಧಕ್ಕಿಳಿಯುತ್ತದೆ. ಮೆಟ್ರೊ ತಲೆಯ ಮೇಲೆಯೇ ಓಡುತ್ತಿದೆ. ಆ ಹತ್ತೊಂಬತ್ತನೆಯವರು ನೀವಾಗಬಹುದು.