ಪರದೆಯ ಆಯ್ಕೆ

ಕಂಪ್ಯೂಟರಿನಲ್ಲಿ ಆಟವಾಡುವುದು ಕಾಲಹರಣವೆ, ಅಲ್ಲವೆ ಎಂಬ ಪ್ರಶ್ನೆಯನ್ನು ನಮ್ಮ ಚರ್ಚಾಕೂಟಕ್ಕೆ ಬಿಟ್ಟುಬಿಡೋಣ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯ ನಮ್ಮ ಮಿತ್ರರಲ್ಲಿ ಅನೇಕರು ಆಡುತ್ತಾರೆಂಬುದು ನಿಜ. ಅದಕ್ಕೆ ಖರ್ಚಾಗುವ ಹಣವು ಅಡಿಕೆ ಮಾರಿದ್ದೋ, ತಾಯಿ ಬೀಡಿ ಕಟ್ಟಿ ಕೂಡಿಟ್ಟದ್ದೋ, ರಜೆಯಲ್ಲಿ ತಾವೇ ದುಡಿದದ್ದೋ ಆಗಿರುತ್ತದೆಂಬುದೂ ಅಷ್ಟೇ ನಿಜ. ಅಂಥ ಹಣವು ಜಾಹೀರಾತಿನ ಮಾತಿಗೆ ಮರುಳಾಗಿ ಪೋಲಾಗಬಾರದು. ಆದುದರಿಂದ ಮಾನಿಟರನ್ನು ಆರಿಸುವಾಗ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇನೆ.

ಮೊದಲನೆಯದಾಗಿ, ಮಾನಿಟರು ಚಿತ್ರವನ್ನು ತೋರಿಸುತ್ತದೆಯೇ ಹೊರತು ರಚಿಸುವುದಿಲ್ಲ. ರಚಿಸುವುದು ಕಂಪ್ಯೂಟರಿನ ಒಳಗಿರುವ ಗ್ರಾಫಿಕ್ಸ್ ಕಾರ್ಡು. ಭಾಗವತರು ಪದ ಹೇಳಿದಷ್ಟಕ್ಕೆ ತಾನೆ ವೇಷಧಾರಿ ಕುಣಿಯುವುದು? ಚಿತ್ರವೆಂದರೆ ಪಿಕ್ಸೆಲ್ ಎಂಬ ಚುಕ್ಕೆಗಳ ರಾಶಿ. 1920×1080 ಅಳತೆಯ ಪರದೆಯಲ್ಲಿ 20,73,600 ಚುಕ್ಕೆಗಳಿವೆ, 2560×1440ರಲ್ಲಿ 36,86,400, ‘4ಕೆ’ ಎಂದು ಹೆಸರಾದ 3840×2160ರಲ್ಲಿ 82,94,400, ಅಂದರೆ ಮೊದಲನೆಯದರ ನಾಲ್ಕು ಪಟ್ಟು. ಇವಿಷ್ಟನ್ನೂ ಕಾರ್ಡು ಒಂದು ಸೆಕೆಂಡಿನಲ್ಲಿ ಹತ್ತಾರು ಸಲ ಹೊಸದಾಗಿ ಬರೆಯಬೇಕು. ಸಾಧಾರಣ ಕಾರ್ಡಿಗೆ 4ಕೆ ಪರದೆ ಜೋಡಿಸಿದರೆ ಮೂಗಿಗಿಂತ ಮೂಗುತಿ ಭಾರವಾದೀತು.

ಗಾತ್ರವನ್ನೂ ಇದರೊಡನೆಯೇ ಯೋಚಿಸಬೇಕು. 24 ಇಂಚಿನ ಪರದೆಯಲ್ಲಿ 1920×1080 ಇದ್ದರೆ ಇಂಚೊಂದಕ್ಕೆ ಸುಮಾರು 92 ಚುಕ್ಕೆಗಳು ಬರುತ್ತವೆ. ಅಷ್ಟೇ ಚುಕ್ಕೆಗಳನ್ನು 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿದು ಅಕ್ಷರಗಳ ಅಂಚು ಒರಟಾಗಿ ಕಾಣುತ್ತದೆ. 27 ಇಂಚಿಗೆ 2560×1440 ಇದ್ದರೆ 109 ಚುಕ್ಕೆಗಳಾಗುತ್ತವೆ. ಅದೇ ಪರದೆಯಲ್ಲಿ ಪಾಠವನ್ನೂ ಓದಬೇಕಾದ ನಮ್ಮಂಥವರು ಇದನ್ನು ಮರೆಯುವಂತಿಲ್ಲ.

ಇನ್ನು ವೇಗದ ವಿಚಾರ. ಪರದೆಯು ಸೆಕೆಂಡಿಗೆ ಎಷ್ಟು ಬಾರಿ ಚಿತ್ರವನ್ನು ಬದಲಿಸಬಲ್ಲುದೆಂಬುದನ್ನು ಹರ್ಟ್ಸ್ ಎಂಬ ಮಾನದಿಂದ ಹೇಳುತ್ತಾರೆ. ಇದಕ್ಕೆ ನಮ್ಮ ಕಂಬಳವೇ ಉತ್ತಮ ಉದಾಹರಣೆ. 2020ರಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಅಂದರೆ ಸೆಕೆಂಡಿಗೆ ಸುಮಾರು 10.46 ಮೀಟರು. ಈ ಓಟವನ್ನು 60 ಹರ್ಟ್ಸ್ ಪರದೆಯಲ್ಲಿ ಆಟವಾಗಿ ತೋರಿಸಿದರೆ ಒಂದು ಚಿತ್ರದಿಂದ ಮತ್ತೊಂದಕ್ಕೆ ಕೋಣಗಳು 17 ಸೆಂಟಿಮೀಟರು ಜಿಗಿಯುತ್ತವೆ. 144 ಹರ್ಟ್ಸಿನಲ್ಲಿ ಜಿಗಿತ 7 ಸೆಂಟಿಮೀಟರು ಮಾತ್ರ. ಓಟ ನಯವಾಗಿ ಕಾಣುವುದು ಈ ಕಾರಣದಿಂದ. ಮಿತ್ರನೊಬ್ಬನ ಮನೆಯಲ್ಲಿ ಎರಡು ಬಗೆಯ ಪರದೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ, ಆಟವೇ ಆಡದ ಅವನ ಅಜ್ಜಿಯೂ ಭೇದವನ್ನು ಗುರುತಿಸಿದರು.

ಹಾಗೆಂದು ಅಂಕಿ ಏರಿದಷ್ಟೂ ಲಾಭವೆಂದು ತಿಳಿಯಬಾರದು. 60ರಲ್ಲಿ ಒಂದು ಚಿತ್ರ ನಿಲ್ಲುವ ಕಾಲ 16.7 ಮಿಲಿಸೆಕೆಂಡು, 144ರಲ್ಲಿ 6.9, 240ರಲ್ಲಿ 4.2. ಮೊದಲ ಹೆಜ್ಜೆಯಲ್ಲಿ ಸುಮಾರು ಹತ್ತು ಮಿಲಿಸೆಕೆಂಡು ಉಳಿಯಿತು; ಎರಡನೆಯದರಲ್ಲಿ ಮೂರೂ ಉಳಿಯಲಿಲ್ಲ. ಬೆಲೆ ಮಾತ್ರ ಏರುತ್ತಲೇ ಹೋಗುತ್ತದೆ. ಕಾರ್ಡು ಸೆಕೆಂಡಿಗೆ 70 ಚಿತ್ರಗಳನ್ನಷ್ಟೇ ಕೊಡಬಲ್ಲುದಾದರೆ 240 ಹರ್ಟ್ಸಿನಿಂದ ಹೆಚ್ಚಿನ ಪ್ರಯೋಜನವಿಲ್ಲ.

ಕಾರ್ಡಿನ ವೇಗವೂ ಪರದೆಯ ವೇಗವೂ ಹೊಂದದಿದ್ದಾಗ, ಪರದೆಯ ಮೇಲರ್ಧದಲ್ಲಿ ಒಂದು ಚಿತ್ರವೂ ಕೆಳಗೆ ಮತ್ತೊಂದೂ ಸೇರಿ ಹರಿದಂತೆ ಕಾಣುವುದುಂಟು. ಇದನ್ನು ನೀಗಲು ಕಾರ್ಡಿನ ತಾಳಕ್ಕೆ ಪರದೆಯೇ ಹೆಜ್ಜೆ ಹಾಕುವ ‘ಅಡಾಪ್ಟಿವ್ ಸಿಂಕ್’ ಎಂಬ ಏರ್ಪಾಡು 2014ರಲ್ಲಿ ಡಿಸ್‌ಪ್ಲೇ ಪೋರ್ಟಿನ ಮಾನಕಕ್ಕೆ ಸೇರಿತು. ಎಎಂಡಿ ಸಂಸ್ಥೆಯವರು ಇದನ್ನು ‘ಫ್ರೀಸಿಂಕ್’ ಎನ್ನುತ್ತಾರೆ. 2019ರಿಂದ ಎನ್‌ವಿಡಿಯಾ ಕಾರ್ಡುಗಳೂ ಇಂಥ ಪರದೆಗಳೊಡನೆ ಹೊಂದಿಕೊಳ್ಳತೊಡಗಿದವು. ಸಾಧಾರಣ ಕಾರ್ಡು ಉಳ್ಳವರಿಗೇ ಇದರ ಉಪಕಾರ ಹೆಚ್ಚು.

ಪರದೆಯ ಜಾತಿಯನ್ನೂ ವಿಚಾರಿಸಬೇಕು. ಬಯಲಾಟದಲ್ಲಿ ರಂಗಸ್ಥಳದ ಎದುರು ಕುಳಿತವನಿಗೂ ಬದಿಯಲ್ಲಿ ಕುಳಿತವನಿಗೂ ವೇಷದ ಕೆಂಪು ಕೆಂಪಾಗಿಯೇ ಕಾಣುತ್ತದೆ. ಐಪಿಎಸ್ ಪರದೆಯ ಗುಣವೂ ಅದೇ. ಹಳೆಯ ಟಿಎನ್ ಜಾತಿಯಲ್ಲಿ ಬದಿಯಿಂದ ನೋಡಿದರೆ ಬಣ್ಣ ಕೆಡುತ್ತದೆ. ವಿಎ ಪರದೆಯಲ್ಲಿ ಕಪ್ಪು ಗಾಢವಾಗಿದ್ದು ರಾತ್ರಿಯ ದೃಶ್ಯಗಳು ಸೊಗಸು. ಆದರೆ ಅಗ್ಗದವುಗಳಲ್ಲಿ ಕತ್ತಲೆಯ ಚಲನೆ ಮಸಿ ಬಳಿದಂತೆ ಎಳೆದುಕೊಳ್ಳುತ್ತದೆ. ಓಎಲ್‌ಇಡಿ ಎಲ್ಲಕ್ಕಿಂತ ಸುಂದರ; ಬೆಲೆ ದುಬಾರಿ, ಅಲ್ಲಾಡದ ಚಿತ್ರವನ್ನು ಬಹುಕಾಲ ಇಟ್ಟರೆ ಅದರ ಗುರುತು ಉಳಿಯುವ ಭಯವೂ ಇದೆ.

ನಮ್ಮ ಸೀಮೆಗೆ ವಿಶೇಷವಾದ ಮಾತೊಂದಿದೆ. ಮುಂಗಾರಿಗೆ ಮುನ್ನ ಸಂಜೆಯ ಹೊತ್ತು ಘಟ್ಟದ ಬುಡದಲ್ಲಿ ಗುಡುಗು ಮೊಳಗತೊಡಗಿದೊಡನೆ ಕೇವಲ ಸ್ವಿಚ್ಚು ಆರಿಸಿದರೆ ಸಾಲದು. ಪ್ಲಗ್ಗನ್ನೂ ಇಂಟರ್‌ನೆಟ್ಟಿನ ತಂತಿಯನ್ನೂ ಕಳಚಿಡಬೇಕು. ಸಿಡಿಲು ತಂತಿಯ ಮೇಲೆಯೇ ಬಿದ್ದರೆ ಯಾವ ಸ್ಪೈಕ್‌ಗಾರ್ಡೂ ತಡೆಯಲಾರದು.

ಒಟ್ಟಿನಲ್ಲಿ ಹೇಳುವುದಾದರೆ, ಬಂಟ್ವಾಳದ ನನ್ನ ಮಿತ್ರ ಬಂದೂಕಿನ ವೇಗದ ಆಟಗಳನ್ನೇ ಆಡುವವನು. ಅವನಿಗೆ 24 ಇಂಚಿನ 144 ಹರ್ಟ್ಸಿನ ಐಪಿಎಸ್ ಸಾಕು. ಮೂಡುಬಿದಿರೆಯವನಿಗೆ ಕಥೆಯುಳ್ಳ ಆಟ ಮತ್ತು ಸಿನಿಮಾ ಪ್ರಿಯ, ಕಾರ್ಡೂ ಬಲವಾದುದು. 27 ಇಂಚಿನ 2560×1440 ಅವನಿಗೆ ಒಪ್ಪುತ್ತದೆ. ಬೆಳ್ತಂಗಡಿಯವನ ಕಾರ್ಡು ಹಳೆಯದು. ಇರುವ ಪರದೆಯಲ್ಲೇ ಇನ್ನೊಂದು ವರ್ಷ ಕಳೆದು, ಆ ಹಣವನ್ನು ಕಾರ್ಡಿಗೆ ಕೂಡಿಡುವುದೇ ಜಾಣತನವೆಂದು ಅವನಿಗೆ ಹೇಳಿದ್ದೇನೆ.

ಕೊಳ್ಳುವಾಗ ಬಿಳಿ, ಕಪ್ಪು, ಕೆಂಪು ಬಣ್ಣಗಳನ್ನು ಪರದೆ ತುಂಬ ತೋರಿಸಿ ಸತ್ತ ಚುಕ್ಕೆಗಳಿವೆಯೇ ಎಂದು ಅಂಗಡಿಯಲ್ಲೇ ನೋಡಿರಿ. ರಿಪೇರಿಯ ಕೇಂದ್ರ ಮಂಗಳೂರಿನಲ್ಲಿದೆಯೋ, ಘಾಟಿ ಹತ್ತಬೇಕೋ ಎಂದು ಕೇಳಿರಿ. ಮನೆಗೆ ತಂದ ಮೇಲೆ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ವೇಗವನ್ನು ನೋಡಿರಿ. 144ರ ಪರದೆ ಎಷ್ಟೋ ಸಲ 60ರಲ್ಲೇ ನಿಂತಿರುತ್ತದೆ. ಕಣ್ಣಿಗೂ ಪರದೆಗೂ ನಡುವೆ ಒಂದು ಮಾರುಗೈ ದೂರವಿರಲಿ. ದುಡ್ಡು ಕೊಟ್ಟು ಇನ್ನೊಂದು ಪರದೆ ತರಬಹುದು, ಕಣ್ಣನ್ನಲ್ಲ.