ಸೊಮಾಲಿ ಕರಾವಳಿ: ಗಾಳಿಯ ಬಾಗಿಲು, ಹಡಗಿನ ಹಾದಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳು ಕಡಲಿನಿಂದ ದೂರವಾದ ಬಯಲುಸೀಮೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಜೋಳ, ಶೇಂಗಾ ಬಿತ್ತಿದ ರೈತನು ಮುಗಿಲನ್ನು ನೋಡುತ್ತ ಕಾದಿರುತ್ತಾನೆ. ಆ ಮುಗಿಲನ್ನು ತರುವ ಮುಂಗಾರು ಗಾಳಿಯು ಹಾದುಬರುವ ಹೆಬ್ಬಾಗಿಲು ಅರಬ್ಬೀ ಸಮುದ್ರದ ಆಚೆಯ ದಡದಲ್ಲಿ, ಆಫ್ರಿಕದ ಸೊಮಾಲಿಯಾ ತೀರದಲ್ಲಿದೆಯೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು.

ತೀರದ ಸ್ವರೂಪ

ಭೂಪಟದಲ್ಲಿ ಆಫ್ರಿಕ ಖಂಡದ ಪೂರ್ವಭಾಗವು ಘೇಂಡಾಮೃಗದ ಕೊಂಬಿನಂತೆ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಇದಕ್ಕೆ ‘ಆಫ್ರಿಕದ ಕೊಂಬು’ ಎಂದೇ ಹೆಸರು. ಇದರ ಉತ್ತರಕ್ಕೆ ಏಡನ್ ಕೊಲ್ಲಿ, ಪೂರ್ವಕ್ಕೆ ಹಿಂದೂ ಮಹಾಸಾಗರ. ಸೊಮಾಲಿಯಾದ ಕರಾವಳಿಯ ಉದ್ದ ಸುಮಾರು 3000 ಕಿಲೋಮೀಟರು. ತೀರದ ನೆಲ ಬಹುಮಟ್ಟಿಗೆ ಒಣಭೂಮಿ. ಅದರ ಪಶ್ಚಿಮಕ್ಕೆ ಇಥಿಯೋಪಿಯ ಮತ್ತು ಕೆನ್ಯಗಳ ಉನ್ನತ ಪ್ರಸ್ಥಭೂಮಿಗಳು ಗೋಡೆಯಂತೆ ನಿಂತಿವೆ.

ಗಾಳಿ ಹಾಯುವ ಬಗೆ

ಬೇಸಗೆಯಲ್ಲಿ ಏಷ್ಯದ ನೆಲವು ಕಾದು, ಅಲ್ಲಿಯ ವಾಯುಭಾರವು ಕುಗ್ಗುತ್ತದೆ. ಆಗ ದಕ್ಷಿಣ ಹಿಂದೂ ಮಹಾಸಾಗರದ ಅಧಿಕ ಭಾರದ ಗಾಳಿಯು ವಾಯುವ್ಯಾಭಿಮುಖವಾಗಿ ಹೊರಟು ಆಫ್ರಿಕದ ದಡವನ್ನು ಸೇರುತ್ತದೆ. ಪ್ರಸ್ಥಭೂಮಿಯ ಗೋಡೆಯು ಅಡ್ಡವಾಗುವುದರಿಂದ ಗಾಳಿಯು ಪಶ್ಚಿಮಕ್ಕೆ ಹರಡಲಾರದೆ ಇಕ್ಕಟ್ಟಾದ ಪ್ರವಾಹವಾಗಿ ಉತ್ತರಕ್ಕೆ ನುಗ್ಗುತ್ತದೆ. ಸಮಭಾಜಕ ವೃತ್ತವನ್ನು ದಾಟಿದ ಮೇಲೆ ಭೂಭ್ರಮಣದ ಪರಿಣಾಮವಾಗಿ ಬಲಕ್ಕೆ ಬಾಗಿ, ನಮ್ಮ ನಾಡಿನತ್ತ ತಿರುಗುತ್ತದೆ. ನೆಲದಿಂದ ಒಂದು–ಒಂದೂವರೆ ಕಿಲೋಮೀಟರು ಎತ್ತರದಲ್ಲಿ ಇದರ ವೇಗ ಅನೇಕ ವೇಳೆ ಸೆಕೆಂಡಿಗೆ 25 ಮೀಟರನ್ನು ಮೀರುತ್ತದೆ. ಬ್ರಿಟನ್ನಿನ ಹವಾಮಾನಶಾಸ್ತ್ರಜ್ಞ ಫಿಂಡ್ಲೇಟರ್ 1969ರಲ್ಲಿ ಈ ಪ್ರವಾಹವನ್ನು ವಿವರವಾಗಿ ವರ್ಣಿಸಿದನು.

ಬೆಚ್ಚನೆಯ ಅರಬ್ಬೀ ಸಮುದ್ರದ ಮೇಲೆ ತೇವವನ್ನು ಹೀರಿದ ಈ ಗಾಳಿಯು ಸಹ್ಯಾದ್ರಿಯನ್ನೇರುವಾಗ ತಣಿದು ಮಳೆಗರೆಯುತ್ತದೆ. ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಆದಕಾರಣ ಕೂಡ್ಲಿಗಿ, ಕೊಟ್ಟೂರುಗಳು ಮಳೆಯ ನೆರಳಿನಲ್ಲಿ ಉಳಿಯುತ್ತವೆ. ಆದರೆ ಸಹ್ಯಾದ್ರಿಯಲ್ಲಿ ಸುರಿದ ನೀರೇ ತುಂಗಭದ್ರೆಯಾಗಿ ಹರಪನಹಳ್ಳಿ, ಹಡಗಲಿಗಳ ಅಂಚಿನಲ್ಲಿ ಹರಿಯುತ್ತದೆ. ಹೀಗೆ ಹೊಲಕ್ಕೆ ಸರಿಯಾಗಿ ಬಾರದ ಮಳೆಯು ಹೊಳೆಯಾಗಿ ಬರುವುದುಂಟು.

ಹಡಗಿನ ಹಾದಿ

ಇದೇ ತೀರದ ಮಗ್ಗುಲಲ್ಲಿ ಜಗತ್ತಿನ ವಾಣಿಜ್ಯವೂ ಹಾಯುತ್ತದೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದಂದಿನಿಂದ ಯುರೋಪಿಗೂ ಏಷ್ಯಕ್ಕೂ ನಡುವೆ ಆ ಕಾಲುವೆಯ ಮೂಲಕ ಸಾಗುವ ಹಡಗುಗಳು ಏಡನ್ ಕೊಲ್ಲಿಯನ್ನೂ, ಸುಮಾರು 30 ಕಿಲೋಮೀಟರು ಅಗಲದ ಬಾಬ್ ಎಲ್ ಮಂದೇಬ್ ಜಲಸಂಧಿಯನ್ನೂ ದಾಟಬೇಕು. ಜಲಸಂಧಿಯ ದಡದ ಪುಟ್ಟ ದೇಶವಾದ ಜಿಬೂಟಿಯಲ್ಲಿ ಫ್ರಾನ್ಸ್, ಅಮೆರಿಕ, ಜಪಾನ್, ಚೀನಗಳು ಸೈನಿಕ ನೆಲೆಗಳನ್ನು ಇರಿಸಿಕೊಂಡಿರುವುದು ಇದೇ ಕಾರಣದಿಂದ.

1991ರಲ್ಲಿ ಸೊಮಾಲಿಯಾದ ಸರ್ಕಾರವು ಕುಸಿದುಬಿದ್ದ ಮೇಲೆ ಆ ದೇಶದ ಹವಾಮಾನ ವೀಕ್ಷಣೆಯೂ ಹಾಳಾಯಿತು. ಮುಂದೆ ಕಡಲ್ಗಳ್ಳರ ಹಾವಳಿ ಹೆಚ್ಚಲು, ಭಾರತದ ನೌಕಾಪಡೆಯು 2008ರ ಅಕ್ಟೋಬರಿನಿಂದ ಏಡನ್ ಕೊಲ್ಲಿಯಲ್ಲಿ ಕಾವಲು ಆರಂಭಿಸಿತು. ವ್ಯಾಪಾರದ ಹಡಗುಗಳು ಭಯದಿಂದ ದೂರ ಸರಿದುದರಿಂದ ಇನ್ನೊಂದು ನಷ್ಟವೂ ಸಂಭವಿಸಿತು. ದಾರಿಯುದ್ದಕ್ಕೂ ಗಾಳಿಯನ್ನು ಅಳೆದು ವರದಿಮಾಡುವುದು ಅನೇಕ ಹಡಗುಗಳ ವಾಡಿಕೆ. ಮುಂಗಾರಿನ ಗಾಳಿಯು ಅತ್ಯಂತ ಬಲವಾಗಿ ಬೀಸುವ ಆ ಕಡಲಿನಿಂದಲೇ ಈ ವರದಿಗಳು ವಿರಳವಾದವು. ಕೃತಕ ಉಪಗ್ರಹಗಳು ಕೊರತೆಯನ್ನು ಬಹಳಷ್ಟು ತುಂಬಿದರೂ, ಅವುಗಳ ಅಳತೆಯನ್ನು ಪರೀಕ್ಷಿಸಲು ಕಡಲಿನ ಮೇಲಿನ ವೀಕ್ಷಣೆಯೇ ಬೇಕು. ಆದುದರಿಂದ ಆ ದೂರದ ತೀರದ ಶಾಂತಿಯು ವರ್ತಕರಿಗೆ ಮಾತ್ರ ಸಂಬಂಧಿಸಿದುದಲ್ಲ. ಮಳೆಯ ಮುನ್ಸೂಚನೆಯನ್ನು ನಂಬಿ ಬೀಜ ಬಿತ್ತುವ ಕೂಡ್ಲಿಗಿಯ ರೈತನಿಗೂ ಸಂಬಂಧಿಸಿದುದು.