ಉಲ್ಲಾಸ ನದಿಯ ಬಸವನಹುಳುಗಳು

ಹೋದ ಮಳೆಗಾಲ ಕಳೆದ ಮೇಲೆ ನಮ್ಮ ವಾಚನಾಲಯಕ್ಕೆ ಬರುವ ಇಬ್ಬರು ಹುಡುಗರು ಬದ್ಲಾಪುರದ ಕಡೆಯ ಉಲ್ಲಾಸ ನದಿಯಿಂದ ಒಂದು ಡಬ್ಬಿ ಬಸವನಹುಳು ಹಿಡಿದು ತಂದು, “ಇವು ಯಾವ ಜಾತಿ? ಮನೆಯಲ್ಲಿ ಸಾಕಬಹುದೇ?” ಎಂದು ಕೇಳಿದರು. ನನಗೂ ತಿಳಿದಿರಲಿಲ್ಲ. ಆದರೂ ಆರನ್ನು ಮನೆಗೊಯ್ದು, ಒಳ್ಳೆಯದಾಗಲೆಂದು ತಾಮ್ರದ ಹಂಡೆಯ ನೀರನ್ನೇ ಗಾಜಿನ ಭರಣಿಗೆ ತುಂಬಿ ಬಿಟ್ಟೆ. ಮೂರನೆಯ ದಿನ ಆರೂ ಸತ್ತು ನಾರತೊಡಗಿದವು. ಮನೆಯಾಕೆಯಿಂದ ನಾಲ್ಕು ಮಾತು ಕೇಳಿದ್ದೂ ಆಯಿತು. ತಾಮ್ರವು ಈ ಪ್ರಾಣಿಗೆ ವಿಷವೆಂದೂ, ಬಸವನಹುಳುಗಳನ್ನು ಕೊಲ್ಲಲು ಮೈಲುತುತ್ತನ್ನು ಬಳಸುವುದುಂಟೆಂದೂ ಆಮೇಲೆ ಓದಿ ತಿಳಿದೆ.

ಗುರುತಿಸಬೇಕಾದರೆ ಮೊದಲು ಬಾಗಿಲನ್ನು ನೋಡಬೇಕು. ಹುಳು ಮೈಯನ್ನು ಒಳಗೆಳೆದುಕೊಂಡಾಗ ಚಿಪ್ಪಿನ ಬಾಯಿಗೆ ಒಂದು ಮುಚ್ಚಳ ಬೀಳುತ್ತದೆಯೋ ಇಲ್ಲವೋ? ಹುಡುಗರು ತಂದವುಗಳಲ್ಲಿ ಹೆಚ್ಚಿನವು ಮುಚ್ಚಳವುಳ್ಳ ಬೆಲ್ಲಾಮಿಯಾ. ಸುಮಾರು ಒಂದು ಅಂಗುಲದ ಹಸಿರುಗಂದು ಚಿಪ್ಪು, ಕೆಲವಕ್ಕೆ ಸುತ್ತಲೂ ಕಪ್ಪು ಪಟ್ಟೆ. ಇದು ಮೊಟ್ಟೆಯಿಡುವುದಿಲ್ಲ, ಚಿಪ್ಪು ಸಹಿತವಾದ ಮರಿಗಳನ್ನೇ ಹಾಕುತ್ತದೆ. ಗಂಡಿನ ಬಲಗಡೆಯ ಮೀಸೆ ದಪ್ಪವಾಗಿ ಮೊಂಡಾಗಿರುತ್ತದೆ. ಗೋಪುರದಂತೆ ನೀಳವಾಗಿ, ಹಗಲು ಮರಳಿನೊಳಗೆ ಅಡಗಿರುವುದು ಮೆಲನಾಯ್ಡಿಸ್. ಕೆರೆಗದ್ದೆಗಳ ದೊಡ್ಡ ಪೈಲಾಕ್ಕೂ ಬಾಗಿಲುಂಟು. ಬೇಸಿಗೆಯಲ್ಲಿ ಅದನ್ನು ಮುಚ್ಚಿಕೊಂಡು ಕೆಸರಿನಲ್ಲಿ ಹೂತುಕೊಂಡಿರುತ್ತದೆ.

ಬಾಗಿಲಿಲ್ಲದವುಗಳನ್ನು ಮನೆಗೆ ತರಲೇಬೇಡಿ. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡ ಇಂಡೊಪ್ಲಾನಾರ್ಬಿಸ್ ದನಗಳ ರಕ್ತದ ಹುಳುಗಳಿಗೆ ಆಶ್ರಯ. ಅದರಿಂದ ನೀರಿಗಿಳಿಯುವ ಕಣ್ಣಿಗೆ ಕಾಣದ ಮರಿಹುಳುಗಳು ಮನುಷ್ಯರ ಚರ್ಮವನ್ನು ಹೊಕ್ಕು ತುರಿ ಎಬ್ಬಿಸುತ್ತವೆ. ತೆಳುಚಿಪ್ಪಿನ ಲಿಮ್ನಿಯಾ ದನಕುರಿಗಳ ಪಿತ್ತಕೋಶದ ಹುಳುವನ್ನು ಹರಡುತ್ತದೆ. ಇದೆಲ್ಲ ಎಲ್ಲೋ ದೂರದ ಮಾತಲ್ಲ. ನಮ್ಮ ಕೊಂಕಣ ತೀರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಗ್ರಾಮದಲ್ಲಿ ಜನರಿಗೇ ಇಂಥ ರಕ್ತದ ಹುಳುವಿನಿಂದ ಮೂತ್ರದ ರೋಗ ತಗಲಿರುವುದನ್ನು 1952ರಲ್ಲಿ ಗಾಡಗೀಳ್ ಮತ್ತು ಶಹಾ ಪ್ರಕಟಿಸಿದರು. ಅಲ್ಲಿ ಸಂಶಯಕ್ಕೆ ಸಿಕ್ಕಿದ್ದೂ ಬಾಗಿಲಿಲ್ಲದ ಒಂದು ಪುಟ್ಟ ಜಾತಿಯೇ. ಹಾಗೆಂದು ಬಾಗಿಲುಳ್ಳವು ಪೂರ್ತಿ ನಿರಪಾಯವೆಂದಲ್ಲ. ನೀರಿಗೆ ಬರಿಗೈ ಹಾಕದೆ ಸೌಟಿನಿಂದ ಎತ್ತಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಆ ಸೌಟು ಮತ್ತೆ ಅಡಿಗೆಮನೆಗೆ ಹೋಗಬಾರದು.

ಸಾಕುವವರು ಹೆಚ್ಚಾಗಿ ತಪ್ಪುವುದು ಆಹಾರದಲ್ಲಿ. ಬೆಲ್ಲಾಮಿಯಾ ಪಾಚಿಯನ್ನು ಕೆರೆದು ತಿನ್ನುವುದಲ್ಲದೆ, ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಕಿವಿರಿನಿಂದ ಸೋಸಿಕೊಂಡೂ ಬದುಕುತ್ತದೆ. ಆದುದರಿಂದ ನಾವು ಶುದ್ಧವೆಂದು ಮೆಚ್ಚುವ ತಿಳಿನೀರಿನಲ್ಲಿ ಅದು ಮೆಲ್ಲನೆ ಉಪವಾಸ ಸಾಯುತ್ತದೆ. ಅಗಲವಾದ ಗಾಜಿನ ಪಾತ್ರೆಗೆ ಎರಡು ಬೆರಳು ಮರಳು ಹಾಕಿ, ಬೆಳಕಿರುವಲ್ಲಿ ಇಟ್ಟು, ಗೋಡೆಗೆ ಹಸಿರು ಕಟ್ಟಿದ ಮೇಲೆಯೇ ಹುಳು ಬಿಡಿ. ಆ ಹಸಿರನ್ನು ಉಜ್ಜಿ ತೊಳೆಯಬೇಡಿ. ನಲ್ಲಿಯ ನೀರನ್ನು ಬಕೀಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ. ಚಿಪ್ಪು ಗಟ್ಟಿಯಾಗಲು ಸುಣ್ಣದ ಕಲ್ಲಿನ ಚೂರು ಸಾಕು. ಸತ್ತದ್ದನ್ನು ಕೂಡಲೇ ತೆಗೆಯದಿದ್ದರೆ ನೀರೆಲ್ಲ ಕೆಡುತ್ತದೆ.

ಬೇಸರವಾದರೆ ಹಿಡಿದ ಜಾಗಕ್ಕೇ ಒಯ್ದು ಬಿಡಬೇಕು. ಊರ ಕೆರೆಗಾಗಲಿ, ಉಪ್ಪುನೀರು ಏರುವ ಡೊಂಬಿವಲಿಯ ಖಾಡಿಗಾಗಲಿ ಸುರಿಯಬಾರದು. ಹುಡುಗರು ಎರಡನೆಯ ಸಲ ತಂದ ನಾಲ್ಕರಲ್ಲಿ ಒಂದು ಮೊನ್ನೆ ಏಳು ಮರಿ ಹಾಕಿದೆ. ಭಾನುವಾರ ಬೆಳಿಗ್ಗೆ ವಾಚನಾಲಯದ ಕಿಟಕಿಯ ಬಳಿ ನೋಡಬಹುದು.